ಆಟ ಬಾರದ ಅಳಿಲುಮರಿ

ಕುಬ್ರಕ್ಕನ ಕಾಫಿ ಸಸಿಗಳ ನರ್ಸರಿ ಗೋಣಿಬೀಡಿನಿಂದ ಸ್ವಲ್ಪ ಕೆಳಗೆ, ರಸ್ತೆ ತಿರುಗುವ ಕಡೆ ಇತ್ತು. ಅದಕ್ಕೆ ಹೊಂದಿಕೊಂಡೇ ಅವರ ಮನೆ. ಹತ್ತಿರದಲ್ಲಿದ್ದದ್ದು ನಮ್ಮ ಮನೆ ಒಂದೇ, ಅದಕ್ಕೂ ಗದ್ದೆ ದಾಟಿ ಬರಬೇಕು. ನಾನು ಶಾಲೆ ಬಿಟ್ಟ ವರ್ಷ, ಅಂದರೆ ಎಂಬತ್ತೆರಡರ ಬೇಸಿಗೆಯಲ್ಲಿ, ಅವರ ಮನೆಗೆ ಆಗಾಗ ಹೋಗಿ ಕೂರುತ್ತಿದ್ದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಾನೇ ಕಂಡದ್ದು. ಕಾಣದೆ ಇದ್ದದ್ದು ಕುಬ್ರಕ್ಕನೇ ಆಮೇಲೆ ಹೇಳಿದ್ದು.

ಕುಬ್ರಕ್ಕನ ಗಂಡ ತಯ್ಯಬ್ ಸಾಹೇಬರು ಎಸ್ಟೇಟುಗಳ ಜೀಪು ರಿಪೇರಿ ಮಾಡುತ್ತಿದ್ದರಂತೆ. ಮಗಳು ಅಖ್ತರ್ ಬಾನು ತೊಟ್ಟಿಲಲ್ಲಿದ್ದಾಗಲೇ ಅವರು ಜ್ವರದಿಂದ ತೀರಿಕೊಂಡರು. ಕೊಟ್ಟಿಗೆಹಾರದ ತವರಿಗೆ ಬಾ ಎಂದು ಅಣ್ಣಂದಿರು ಕರೆದರೂ ಕುಬ್ರಕ್ಕ ಹೋಗಲಿಲ್ಲ. ಗಂಡನ ಷೆಡ್ಡಿದ್ದ ಜಾಗದಲ್ಲಿ ಚಪ್ಪರ ಹಾಕಿ ಸಸಿ ಬೆಳೆಸಲು ಹಿಡಿದರು. ಕ್ರಮೇಣ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಅವರ ಸಸಿಯನ್ನೇ ಕೇಳಿಕೊಂಡು ಬರುವ ಹಾಗಾಯಿತು.

ಕಾಫಿ ಬೀಜವನ್ನು ಮೊದಲು ಮರಳಿನ ಪಾತಿಯಲ್ಲಿ ಹಾಕುತ್ತಾರೆ. ಮೊಳಕೆ ಮೇಲೇಳುವಾಗ ಬೀಜವನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತಿರುತ್ತದೆ. ಆಗಲೇ ಅದನ್ನು ಮೆಲ್ಲಗೆ ಎತ್ತಿ, ಮಣ್ಣು ಗೊಬ್ಬರ ತುಂಬಿದ ಪ್ಲಾಸ್ಟಿಕ್ ಕವರಿಗೆ ನೆಡಬೇಕು. ಒಂದು ಕವರಿಗೆ ಒಂದೇ ಸಸಿ. ಎರಡು ನೆಟ್ಟರೆ ಬೇರಿಗೆ ಬೇರು ಹೆಣೆದುಕೊಂಡು ಎರಡೂ ಸೊರಗುತ್ತವೆ. ಕೆಲಸದ ಹೆಂಗಸರು ಅವಸರದಲ್ಲಿ ಎಲ್ಲಾದರೂ ಎರಡು ನೆಟ್ಟುಬಿಟ್ಟರೆ ಕುಬ್ರಕ್ಕನಿಗೆ ಎಲ್ಲಿಲ್ಲದ ಸಿಟ್ಟು. "ಒಂದೊಂದಕ್ಕೂ ಅದ್ರದ್ದೇ ಮನೆ ಬೇಕು ಕಣ್ರೇ. ಒಂದರ ಅನ್ನಕ್ಕೆ ಇನ್ನೊಂದು ಕೈ ಹಾಕ್ಬಾರ್ದು" ಎನ್ನುತ್ತಿದ್ದರು.

ಮಳೆಗಾಲಕ್ಕೆ ಮೊದಲು ತೋಟಗಳಲ್ಲಿ ಮರಗಸಿ ಮಾಡುತ್ತಾರೆ. ಕಾಫಿಗೆ ಬೆಳಕು ಸಿಗಲೆಂದು ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಅದು. ಕೊಂಬೆಯ ಜೊತೆಗೆ ಅದರಲ್ಲಿದ್ದ ಗೂಡುಗಳೂ ಕೆಳಗೆ ಬರುತ್ತವೆ. ಪಕ್ಕದ ತೋಟದಲ್ಲಿ ಮರ ಹತ್ತುತ್ತಿದ್ದವರು ಬೊಮ್ಮಯ್ಯ. ಅವರು ಒಂದು ದಿನ ಊಟದ ಹೊತ್ತಿಗೆ ತಲೆವಸ್ತ್ರವನ್ನು ಗಂಟು ಕಟ್ಟಿಕೊಂಡು ಬಂದರು.

"ಅಮ್ಮಾರೇ, ನಿಮ್ಗೆ ಮೂರು ಸಸಿ ತಂದಿದೀನಿ. ಟೋಪಿ ಇನ್ನೂ ಬಿದ್ದಿಲ್ಲ."

ಗಂಟು ಬಿಚ್ಚಿದರೆ ಒಳಗೆ ಕೆಂಪಗಿನ ಮೂರು ಮರಿಗಳು. ಕಣ್ಣು ಬಿಟ್ಟಿರಲಿಲ್ಲ.

"ಎಂತ ಮಾರಾಯ ಇದು, ಇಲಿಯಾ?"

"ಅಳಿಲು. ಹಾಲುವಾಣದ ಕೊಂಬೇಲಿತ್ತು ಗೂಡು. ನೋಡೂದ್ರೊಳಗೆ ಕತ್ತಿ ಬಿದ್ದಾಗಿತ್ತು."

"ತಾಯಿ ಎಲ್ಲಿ?"

"ಪಕ್ಕದ ಮರದಲ್ಲಿ ಕೂತು ಬೈತಾ ಇತ್ತು. ಅದ್ರ ಭಾಷೆ ನಂಗೆ ಬರೂದಿಲ್ಲ, ಬಂದಿದ್ರೆ ಕಿವಿ ಮುಚ್ಕೊಬೇಕಿತ್ತು. ಮರದ ಬುಡದಲ್ಲಿಟ್ಟು ಕಾಯ್ಬೇಕಿತ್ತು ಅಂತೀರಾ? ಬೆಳಿಗ್ಗೆಯಿಂದ ಕಾದೆ. ಬರ್ಲಿಲ್ಲ. ಅಲ್ಲೇ ಬಿಟ್ರೆ ಇರುವೆ ಬಿಡ್ತದಾ?"

ಹೀಗೆ ಮರಿಗಳು ಕುಬ್ರಕ್ಕನ ಪಾಲಿಗೆ ಬಂದವು. ಆಡಿನ ಹಾಲಿಗೆ ನೀರು ಬೆರೆಸಿ, ಇಂಕ್ ಫಿಲ್ಲರಿನಲ್ಲಿ ಹನಿಹನಿಯಾಗಿ ಕುಡಿಸಿದರು. ಒಂದು ಉಳಿಯಲಿಲ್ಲ. ಉಳಿದ ಎರಡಕ್ಕೆ ರೋಮ ಬಂತು, ಬೆನ್ನಿನ ಮೇಲೆ ಗೆರೆ ಮೂಡಿತು, ಕಣ್ಣೂ ತೆರೆಯಿತು. ಕಣ್ಣು ತೆರೆದು ಕೆಲವು ದಿನ ಕಳೆದ ಮೇಲೆ ತೊಂದರೆ ಶುರುವಾಯಿತು. ಒಂದು ಇನ್ನೊಂದರ ಮೇಲೆ ಹಾರುತ್ತಿತ್ತು, ಕುತ್ತಿಗೆಗೆ ಬಾಯಿ ಹಾಕುತ್ತಿತ್ತು, ಎರಡೂ ಉಂಡೆಯಾಗಿ ಉರುಳುತ್ತಿದ್ದವು. ನಾನೂ ಪಕ್ಕದಲ್ಲಿ ಕೂತು ನೋಡಿದ್ದೇನೆ. ನನಗೂ ಅದು ಜಗಳವೆಂದೇ ಕಂಡಿತು. ಒಂದರ ಕಿವಿಯಲ್ಲಿ ಸಣ್ಣ ಗೀರು ಕಂಡದ್ದೇ ತಡ, ಕುಬ್ರಕ್ಕ ಚಮಚದಲ್ಲಿ ಎರಡನ್ನೂ ಬಿಡಿಸಿದರು. ತಯ್ಯಬ್ ಸಾಹೇಬರು ಜೀಪಿನ ಸಾಮಾನು ಇಡುತ್ತಿದ್ದ ಮರದ ಪೆಟ್ಟಿಗೆಗಳು ಅಟ್ಟದಲ್ಲಿದ್ದವು. ಅವುಗಳಲ್ಲಿ ಎರಡನ್ನು ಇಳಿಸಿ, ತೊಳೆದು, ಒಂದೊಂದಕ್ಕೆ ಒಂದೊಂದು ಮರಿ ಹಾಕಿದರು.

ಮುಂದಿನ ಸಲ ಬಂದ ಬೊಮ್ಮಯ್ಯ ಅದನ್ನು ಕಂಡು ನಕ್ಕರು. "ಇದೆಂತ ಅಮ್ಮಾರೇ, ಇವನ್ನೂ ನಾಟಿ ಮಾಡಿದ್ರಾ?"

"ಮತ್ತೆ ಕಚ್ಕೊಂಡು ಸಾಯ್ಲಾ?"

"ನಂಗೆ ಇನ್ನೆರಡು ಸಿಕ್ಕಿದಾವೆ, ಮನೇಲಿ ಮೊಮ್ಮಗಳು ಬುಟ್ಟೀಲಿ ಇಟ್ಕೊಂಡಿದಾಳೆ. ಒಂದು ನಂಗೆ ಕೊಡಿ, ನಿಮ್ಗೆ ಕೆಲ್ಸ ಕಡಿಮೆ ಆಗ್ತದೆ."

ಕುಬ್ರಕ್ಕ ಗಟ್ಟಿಯಾಗಿದ್ದ ಮರಿಯನ್ನು ಕೊಟ್ಟು, ಸೊರಗಿದ್ದ ಮರಿಯನ್ನು ತಾವು ಇಟ್ಟುಕೊಂಡರು. ಅದಕ್ಕೆ ಮುನ್ನಿ ಎಂದು ಹೆಸರಿಟ್ಟರು.

ಮುನ್ನಿ ಚೆನ್ನಾಗಿಯೇ ಬೆಳೆಯಿತು. ಮೈ ತುಂಬಿತು, ಬಾಲ ಪೊದೆಯಾಯಿತು. ಮೊದಮೊದಲು ಪೆಟ್ಟಿಗೆಯೊಳಗೆ ತನ್ನಷ್ಟಕ್ಕೆ ಪುಟಿಯುತ್ತಿತ್ತು, ಕುಬ್ರಕ್ಕನ ಬೆರಳು ಕಂಡರೆ ಹಾರಿ ಬಂದು ತಬ್ಬಿಕೊಳ್ಳುತ್ತಿತ್ತು. ಹಲ್ಲು ತಾಗುತ್ತದೆಂದು ಅವರು ಬೆರಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ದಿನ ಹೋದಂತೆ ಅದು ಪುಟಿಯುವುದನ್ನು ಬಿಟ್ಟಿತು. ತಿನ್ನುವುದು, ಮೂಲೆಯಲ್ಲಿ ಕೂರುವುದು ಅಷ್ಟೇ. ಹೊರಗೆ ಬಿಟ್ಟರೆ ಕುಬ್ರಕ್ಕನ ಹೆಗಲೇರಿ ಅಲ್ಲಾಡದೆ ಇರುತ್ತಿತ್ತು. ಹೊಟ್ಟೆ ಸರಿ ಇಲ್ಲವೇನೋ ಎಂದು ಓಮದ ನೀರು ಕುಡಿಸಿದರು. ಚಳಿಯೇನೋ ಎಂದು ಬಿಸಿಲಿಗೆ ಹಿಡಿದರು. ದೃಷ್ಟಿಯನ್ನೂ ತೆಗೆದರು. ರೋಗವೇ ಇಲ್ಲದ ಮರಿ ಯಾಕೆ ಹೀಗೆ ಕೂರುತ್ತದೆ ಎಂದು ನನ್ನನ್ನು ಕೇಳಿದರು.

ಅಷ್ಟರಲ್ಲಿ ಮಗಳು ಬಾನಕ್ಕ ಚೊಚ್ಚಲ ಹೆರಿಗೆಗೆಂದು ಸಂಸೆಯ ಗಂಡನ ಮನೆಯಿಂದ ಬಂದರು. ತಾಯಿ ಮಗಳು ತಮ್ಮ ತಮ್ಮಲ್ಲಿ ಉರ್ದು ಆಡುತ್ತಿದ್ದರು, ನಾನು ಹೋದಾಗ ಕನ್ನಡಕ್ಕೆ ತಿರುಗುತ್ತಿದ್ದರು. ಪೆಟ್ಟಿಗೆಯನ್ನು ನೋಡಿದ ಬಾನಕ್ಕ, "ಅಮ್ಮೀ, ಮಗು ಬಂದ ಮೇಲೆ ಇದು ಮನೇಲಿ ಇರ್ಬಾರ್ದು. ಕಚ್ಚಿದ್ರೆ?" ಎಂದರು. ಕುಬ್ರಕ್ಕ ಒಪ್ಪಿದರು. ಬಾಣಂತನ ಹಿಡಿದರೆ ಅವರಿಗೂ ಕೈ ಬಿಡುವಿರುವುದಿಲ್ಲ. ಆದ್ದರಿಂದ ಹೆರಿಗೆಯಾಗುವಷ್ಟರೊಳಗೆ ಮುನ್ನಿ ಮರ ಸೇರಲೇಬೇಕಾಗಿತ್ತು. ಸೇರದಿದ್ದರೆ ಬೆಕ್ಕೋ ಗಿಡುಗವೋ ಹೊತ್ತೊಯ್ಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮನೆಯ ಹಿಂದೆ ಹಲಸಿನ ಮರವಿತ್ತು, ಅದರಲ್ಲಿ ಅಳಿಲುಗಳಿದ್ದವು. ಕುಬ್ರಕ್ಕ ಮುನ್ನಿಯನ್ನು ಅದರ ಕಾಂಡಕ್ಕೆ ಹತ್ತಿಸಿದರು. ಎರಡು ಅಳಿಲುಗಳು ಚಿಪ್ ಚಿಪ್ ಎನ್ನುತ್ತಾ ಇಳಿದು ಬಂದವು. ಮುನ್ನಿ ಓಡಲಿಲ್ಲ, ಎದುರಿಸಲೂ ಇಲ್ಲ. ತೊಗಟೆಗೆ ಅಂಟಿಕೊಂಡಿತು, ಆಮೇಲೆ ಕೈ ಬಿಟ್ಟು ಕೆಳಗೆ ಬಿತ್ತು. ಕುಬ್ರಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಅಳಿಲುಗಳಿಗೆ ಬೈದರು.

ಬೊಮ್ಮಯ್ಯನ ಮರಿಗಳು ಹೇಗಿವೆಯೋ ನೋಡೋಣವೆಂದು ಅವರು ಮುನ್ನಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ತೋಟದ ಆಳುಗಳ ಮನೆಗಳಿದ್ದ ಲೈನಿಗೆ ಹೊರಟರು. ನಾನೂ ಜೊತೆಗೆ ಹೋದೆ. ಬೊಮ್ಮಯ್ಯನ ಮನೆಯ ಜಗಲಿಯಲ್ಲಿ ಕಾಫಿ ಕುಯ್ಯುವ ದೊಡ್ಡ ಬುಟ್ಟಿಯೊಳಗೆ ಮೂರು ಮರಿಗಳಿದ್ದವು. ನಾವು ಬಗ್ಗಿ ನೋಡುವಾಗ ಮೂರೂ ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತಿದ್ದವು.

"ಬಿಡ್ಸು ಮಾರಾಯ, ಸಾಯ್ತವೆ!" ಎಂದು ಕುಬ್ರಕ್ಕ ಕೂಗಿದರು.

"ಆಟ ಆಡ್ತಾವೆ ಅಮ್ಮಾರೇ."

"ಕುತ್ತಿಗೆಗೆ ಬಾಯಿ ಹಾಕಿದೆ, ಆಟ ಅಂತೆ!"

"ರಕ್ತ ಎಲ್ಲಿದೆ ತೋರ್ಸಿ."

ರಕ್ತ ಇರಲಿಲ್ಲ. ಕುಬ್ರಕ್ಕ ಜಗಲಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ಕೆಳಗೆ ಬಿದ್ದ ಮರಿ ಸ್ವಲ್ಪದರಲ್ಲೇ ಮೇಲಕ್ಕೆ ಬರುತ್ತಿತ್ತು, ಮೇಲಿದ್ದದ್ದು ತಾನಾಗಿ ಕೆಳಗೆ ಹೊರಳುತ್ತಿತ್ತು. ಒಂದು ಓಡಿದರೆ ಇನ್ನೊಂದು ಅಟ್ಟುತ್ತಿತ್ತು. ಅಟ್ಟದೆ ಹೋದರೆ ಓಡಿದ್ದು ವಾಪಸು ಬಂದು ಮೂಗಿನಿಂದ ತಳ್ಳುತ್ತಿತ್ತು. ಅವು ಮಾಡುತ್ತಿದ್ದದ್ದೆಲ್ಲ ಜಗಳದ ಹಾಗೆಯೇ ಇತ್ತು, ಆದರೂ ಜಗಳ ಅನ್ನಿಸುತ್ತಿರಲಿಲ್ಲ. ಇದನ್ನು ಇದಕ್ಕಿಂತ ಸರಿಯಾಗಿ ಬರೆಯಲು ನನಗೆ ಬರುವುದಿಲ್ಲ.

ಕುಬ್ರಕ್ಕ ಮುನ್ನಿಯನ್ನು ಒಳಗೆ ಬಿಟ್ಟರು. ಅದರ ಒಡಹುಟ್ಟಿದ ಮರಿಯೇ ಮೊದಲು ಬಂದು ಮೂಸಿ, ಹಿಂದಕ್ಕೆ ಜಿಗಿದು, ಮತ್ತೆ ಮುಂದಕ್ಕೆ ಹಾರಿ ಮುನ್ನಿಯ ಬೆನ್ನೇರಿತು. ಮುನ್ನಿ ಕಿರುಚಿ ತಿರುಗಿ ಅದರ ಮೂತಿಗೆ ಹಲ್ಲು ಊರಿತು. ಈ ಸಲ ರಕ್ತ ಬಂತು. ಮೂರು ಮರಿಗಳೂ ಬುಟ್ಟಿಯ ಆಚೆ ಬದಿಗೆ ಹೋಗಿ ಒತ್ತಿಕೊಂಡು ಕೂತವು. ಈಚೆ ಬದಿಯಲ್ಲಿ ಮುನ್ನಿ ಒಂಟಿಯಾಗಿ, ಮೈ ಉಬ್ಬಿಸಿಕೊಂಡು ನಡುಗುತ್ತಿತ್ತು.

ಬೊಮ್ಮಯ್ಯ ಈ ಸಲ ನಗಲಿಲ್ಲ. "ಇದ್ಕೆ ಆಟ ಗೊತ್ತಿಲ್ಲ ಅಮ್ಮಾರೇ."

"ಆಟ ಯಾರಾದ್ರೂ ಕಲಿಸ್ತಾರಾ ಮಾರಾಯ? ಅದು ಹುಟ್ಟುತ್ಲೇ ಬರ್ತದೆ."

"ಹಂಗಾದ್ರೆ ಇದ್ಕೆ ಎಂತಕ್ಕೆ ಬರ್ಲಿಲ್ಲ?"

ಕುಬ್ರಕ್ಕ ಮುನ್ನಿಯನ್ನು ಮತ್ತೆ ಬುಟ್ಟಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದರು.

ಮನೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಬಾನಕ್ಕನಿಗೆ ನಡೆದದ್ದನ್ನು ಹೇಳಿದರು. ಬಾನಕ್ಕ ಕೇಳಿ ನಕ್ಕರು.

"ನನ್ನೂ ನೀನು ಹಂಗೇ ಅಲ್ವಾ ಅಮ್ಮೀ ಸಾಕಿದ್ದು."

"ಎಂತ ಮಾತು ಅದು!"

"ಹೌದಲ್ವಾ. ಚಪ್ಪರದ ಕೆಳಗೆ, ಸಸಿ ಸಾಲಿನ ಮಧ್ಯ ಕೂರಿಸಿ. ಸಸಿಗಳಿಗಾದ್ರೂ ಪಕ್ಕದ್ದರ ಎಲೆ ತಾಗ್ತಿತ್ತು." ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಇಸ್ಕೂಲಿಗೆ ಸೇರಿದ ಹೊಸತು. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಹಿಂದಿನಿಂದ ಬಂದು ನನ್ನ ಜಡೆ ಎಳೆದು ಓಡಿದ್ಲು. ನಾನು ಸ್ಲೇಟಲ್ಲಿ ಅವಳ ಹಣೆ ಒಡೆದೆ. ಅವ್ಳು ಓಡಿದ್ದು ನಾನು ಹಿಡೀಲಿ ಅಂತ. ನಂಗದು ಗೊತ್ತಾಗ್ಲಿಲ್ಲ. ಆಮೇಲೆ ನನ್ನ ಯಾರೂ ಆಟಕ್ಕೆ ಕರೀಲಿಲ್ಲ."

"ಮಾಸ್ಟ್ರು ಬಂದು ಹೇಳಿದ್ರು" ಎಂದರು ಕುಬ್ರಕ್ಕ. "ನಾನು ಅವರಿಗೇ ಬೈದು ಕಳಿಸಿದೆ. ನನ್ನ ಮಗಳು ಯಾರ ತಂಟೆಗೂ ಹೋಗೂದಿಲ್ಲ ಅಂತ."

"ಹೋಗ್ತಿರ್ಲಿಲ್ಲ ಬಿಡು. ಸಂಸೆಗೆ ಹೋದ ಮೇಲೂ ಹಂಗೇ. ನಾದಿನಿಯರು ತಮಾಷೆ ಮಾಡಿದ್ರೆ ಬೈದ್ರು ಅಂತ ಅಳ್ತಿದ್ದೆ. ಕೊನೇ ನಾದಿನಿ ಸಣ್ಣವ್ಳು, ಹಲ್ಲು ಬಿದ್ದ ಹುಡುಗಿ. ಅವ್ಳಿಗೆ ನಾನು ಅತ್ರೂ ಒಂದೇ, ಬೈದ್ರೂ ಒಂದೇ, ಬಂದು ಬೆನ್ನ ಮೇಲೆ ಹತ್ತೂದು. ಅವ್ಳ ಕಾಟದಲ್ಲಿ ನಂಗೂ ನಗು ಬಂತು."

ಕುಬ್ರಕ್ಕ ಮುನ್ನಿಯ ಪೆಟ್ಟಿಗೆಯನ್ನು ನೋಡುತ್ತಾ ಕೂತರು. "ಹಂಗಾದ್ರೆ ನಾನು ಸಾಕಿದ್ದೇ ತಪ್ಪಾ? ನಿಂಗೆ ಹಾಲು ಕಡಿಮೆ ಮಾಡಿದ್ನಾ? ಬಿಸಿಲಿಗೆ ಬಿಟ್ನಾ?"

"ಗೊತ್ತಿಲ್ಲ ಅಮ್ಮೀ. ಹೊಟ್ಟೇಲಿ ಇದು ಒದೀತಾ ಇದೆ, ಬಾಯಿಗೆ ಬಂದಿದ್ದು ಹೇಳ್ದೆ. ನೀನು ಅದನ್ನೆಲ್ಲ ಹಿಡ್ಕೊಂಡು ಕೂರ್ಬೇಡ."

ಆದರೆ ಅವರು ಹಿಡಿದುಕೊಂಡೇ ಕೂತರು. ಮರುದಿನ ನಾನು ಹೋದಾಗ, ತಯ್ಯಬ್ ಸಾಹೇಬರ ಹಳೆಯ ಉಣ್ಣೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ನೆಲದ ಮೇಲೆ ಬೋರಲು ಮಲಗಿ, ಮುನ್ನಿಗೆ ಆಟ ಕಲಿಸುತ್ತಿದ್ದರು. ಕೈಯನ್ನು ಅಳಿಲಿನ ಹಾಗೆ ಹಾರಿಸಿ ಅದರ ಬೆನ್ನ ಮೇಲೆ ಇಡುವುದು, ಎಳೆದುಕೊಳ್ಳುವುದು, ಮತ್ತೆ ಇಡುವುದು. ಮುನ್ನಿ ಕಾಲುಚೀಲವನ್ನು ಒಳಗಿನ ಬೆರಳು ಸಮೇತ ಕಚ್ಚಿತು. ಬಾನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, "ಸಾಕು ಅಮ್ಮೀ, ಇಲ್ಲೇ ಹೆತ್ತುಬಿಡ್ತೀನಿ" ಎಂದರು. ಕುಬ್ರಕ್ಕನಿಗೆ ನಗು ಬರಲಿಲ್ಲ. ಬೆರಳಿಗೆ ಅರಿಶಿನ ಹಚ್ಚಿಕೊಂಡು ಮತ್ತೆ ಶುರು ಮಾಡಿದರು.

ಬೊಮ್ಮಯ್ಯನ ಮೂರು ಮರಿಗಳು ಒಂದೊಂದಾಗಿ ತೋಟದ ಮರ ಸೇರಿದವೆಂದು ಸುದ್ದಿ ಬಂತು. ಕುಬ್ರಕ್ಕ ಮುನ್ನಿಯನ್ನು ಮತ್ತೊಮ್ಮೆ ಹಲಸಿನ ಮರಕ್ಕೆ ಹತ್ತಿಸಿ ನೋಡಿದರು. ಅದು ಮತ್ತೆ ಅವರ ಸೆರಗಿಗೇ ಬಂತು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಬಾನಕ್ಕನ ಕಾಲು ಊದಿಕೊಳ್ಳುತ್ತಿತ್ತು.

ಮರಗಸಿ ಮುಗಿಯುವ ದಿನ ಬೊಮ್ಮಯ್ಯ ಮತ್ತೊಂದು ಮರಿ ತಂದರು. ಒಂದೇ ಒಂದು. ಆಗಷ್ಟೇ ಕಣ್ಣು ಬಿಟ್ಟಿತ್ತು, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. "ಇನ್ನು ತರೂದಿಲ್ಲ ಅಮ್ಮಾರೇ, ದೇವರಾಣೆ. ಇದೇ ಕೊನೆ."

ಕುಬ್ರಕ್ಕ ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿಸಿ, ಒರೆಸಿ, ಬಟ್ಟೆಯನ್ನೂ ಹಾಸಿದರು. ಮರಿಯನ್ನು ಅದರೊಳಗೆ ಇಡಲು ಹೋದ ಕೈ ಅಲ್ಲೇ ನಿಂತಿತು.

"ಮುನ್ನಿ ಜೊತೆ ಬಿಟ್ರೆ ಹೆಂಗೆ?" ಎಂದು ಕೇಳಿದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ.

"ತಿಂದು ಹಾಕ್ತದೆ" ಎಂದರು ಬಾನಕ್ಕ.

"ತಿನ್ನೂದಿಲ್ಲ, ಆದ್ರೆ ಕಚ್ಚಬಹುದು" ಎಂದರು ಬೊಮ್ಮಯ್ಯ. "ನಂಗೊತ್ತಿಲ್ಲಪ್ಪ. ಆಮೇಲೆ ನನ್ನ ಬೈಬೇಡಿ."

ನನ್ನನ್ನೂ ಕೇಳಿದರು. ಗೊತ್ತಿಲ್ಲ ಎಂದೆ.

ಕುಬ್ರಕ್ಕ ಒಂದು ಕೈಯಲ್ಲಿ ಚಮಚ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮರಿಯನ್ನು ಮುನ್ನಿಯ ಪೆಟ್ಟಿಗೆಯೊಳಗೆ ಬಿಟ್ಟರು. ಮುನ್ನಿ ಮೂಲೆಗೆ ಒತ್ತಿಕೊಂಡು ಕಿರುಚಿತು. ಹೆದರಬೇಕೆಂಬುದು ಮರಿಗೆ ತಿಳಿಯಲಿಲ್ಲ. ಬೆಚ್ಚಗೆ ಎಲ್ಲಿದೆಯೋ ಅಲ್ಲಿಗೆ ತೆವಳಿತು, ಮುನ್ನಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಮುನ್ನಿ ಬಾಯಿ ತೆರೆಯಿತು. ಚಮಚ ಮುಂದಕ್ಕೆ ಹೋಯಿತು. ಮುನ್ನಿ ಹಾಗೇ ಬಾಯಿ ತೆರೆದುಕೊಂಡು ಸೆಟೆದು ನಿಂತಿತ್ತು. ಮರಿ ಅದರ ಕೆಳಗೆ ನಿದ್ದೆ ಹೋಯಿತು.

ಅಲ್ಲಿಂದಾಚೆ ಕುಬ್ರಕ್ಕ ನರ್ಸರಿಗೆ ಸರಿಯಾಗಿ ಹೋಗಲೇ ಇಲ್ಲ. ಸಸಿ ಕೊಳ್ಳಲು ಬಂದವರನ್ನೂ ಪೆಟ್ಟಿಗೆಯ ಬಳಿಯೇ ಕೂತು ಮಾತಾಡಿಸಿ ಕಳಿಸುತ್ತಿದ್ದರು. ಮರಿಗೆ ಬಲ ಬಂದಂತೆ ಅದು ಮುನ್ನಿಯ ಕಿವಿ ಎಳೆಯುತ್ತಿತ್ತು, ಬಾಲಕ್ಕೆ ಜೋತು ಬೀಳುತ್ತಿತ್ತು. ಮುನ್ನಿ ತಳ್ಳುತ್ತಿತ್ತು. ಎರಡು ಸಲ ಕಚ್ಚಿದ್ದನ್ನು ನಾನು ನೋಡಿದ್ದೇನೆ. ಮರಿ ಚೀರಿ ಹಿಂದೆ ಸರಿದು, ಸ್ವಲ್ಪ ಹೊತ್ತಿಗೆ ಏನೂ ಆಗದವರ ಹಾಗೆ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಕುಬ್ರಕ್ಕನ ಕೈ ಒಳಗೆ ಹೋಗಿ, ಅರ್ಧದಲ್ಲೇ ನಿಂತು, ಹಿಂದಕ್ಕೆ ಬರುತ್ತಿತ್ತು. ಬಿಡಿಸುವುದು ಸರಿಯೋ, ಬಿಡುವುದು ಸರಿಯೋ ಅವರಿಗೆ ಗೊತ್ತಿರಲಿಲ್ಲ. "ಅಲ್ಲಾ, ಎಂತ ಮಾಡ್ಲಿ ನಾನು" ಎನ್ನುತ್ತಿದ್ದರು.

ಮೊದಲ ಮಳೆ ಬಂದು ಹೋದ ಬೆಳಿಗ್ಗೆ ಮರಿ ಎಂದಿನಂತೆ ಮುನ್ನಿಯ ಮುಂದೆ ಹಾರಿ ಹಿಂದಕ್ಕೆ ಓಡಿತು. ಮುನ್ನಿ ಅದರ ಹಿಂದೆ ಎರಡು ಹೆಜ್ಜೆ ಹೋಯಿತು. ನಿಂತಿತು. ಮತ್ತೆ ಹೋಗಿ ಒಮ್ಮೆಲೇ ಹಾರಿ, ಗುರಿ ತಪ್ಪಿ, ಪಕ್ಕಕ್ಕೆ ಬಿತ್ತು. ಮರಿ ಅದರ ಮೇಲೇರಿತು. ಎರಡೂ ಉರುಳಿದವು. ಮುನ್ನಿಯ ಬಾಯಿ ಮರಿಯ ಕುತ್ತಿಗೆಯ ಮೇಲಿತ್ತು.

"ಬಾನೂ, ಬಾ ಇಲ್ಲಿ! ಇದು ಜಗಳವಾ, ಆಟವಾ?"

ಬಾನಕ್ಕ ಸೊಂಟ ಹಿಡಿದುಕೊಂಡು ಬಂದು ಬಗ್ಗಿ ನೋಡಿದರು. ನಾನೂ ಪಕ್ಕಕ್ಕೆ ಬಂದು ಬಗ್ಗಿದೆ. ಮುನ್ನಿ ಬಾಯಿ ಸಡಿಲಿಸಿತು. ಮರಿ ಎದ್ದು, ಮೈ ಕೊಡವಿ, ಅದರ ಮೂಗಿಗೆ ಗುದ್ದಿ ಮತ್ತೆ ಓಡಿತು.

"ಯಾರಿಗೆ ಗೊತ್ತು ಅಮ್ಮೀ. ಅರ್ಧ ಅದು, ಅರ್ಧ ಇದು" ಎಂದರು ಬಾನಕ್ಕ.

ಮಳೆ ಜೋರು ಹಿಡಿಯುವ ಮೊದಲು ಬೊಮ್ಮಯ್ಯ ಬಂದು ಪೆಟ್ಟಿಗೆಯನ್ನು ಹಲಸಿನ ಮರದ ಕವಲಿಗೆ ಕಟ್ಟಿದರು. ಮೇಲೆ ತಗಡಿನ ತುಂಡು ಮುಚ್ಚಿ, ಒಂದು ಬದಿಯಲ್ಲಿ ಅವು ಹೊರಬರಲು ಕಿಂಡಿ ಬಿಟ್ಟರು. ಮೊದಲು ಹೊರಗೆ ಬಂದದ್ದು ಮರಿ. ಅದು ಕಾಣದಾದಾಗ ಮುನ್ನಿ ತಲೆ ಹೊರಗೆ ಹಾಕಿತು, ಆಮೇಲೆ ಮೈಯನ್ನೂ. ಕೆಲವು ದಿನ ಅವು ಪೆಟ್ಟಿಗೆಯ ಸುತ್ತ ಮಾತ್ರ ಓಡಾಡಿದವು. ಕುಬ್ರಕ್ಕ ಏಣಿ ಹತ್ತಿ ಬಾಳೆಹಣ್ಣು ಇಟ್ಟು ಬರುತ್ತಿದ್ದರು.

ಬಾನಕ್ಕನಿಗೆ ಗಂಡು ಮಗುವಾಯಿತು. ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಮರದ ಮೇಲೆ ಗಲಾಟೆ ಕೇಳಿಸುತ್ತಿತ್ತು. ಮರದ ಹಳೆಯ ಅಳಿಲುಗಳು ಮುನ್ನಿಯನ್ನು ಕೊಂಬೆಯಿಂದ ಕೊಂಬೆಗೆ ಅಟ್ಟುತ್ತಿದ್ದವು. ಮರಿಯೂ ಅವುಗಳ ನಡುವೆ ನುಗ್ಗಿ ಓಡುತ್ತಿತ್ತು. ಕುಬ್ರಕ್ಕ ಬುಡದಲ್ಲಿ ಬಿದಿರಿನ ಗಳು ಹಿಡಿದು ನಿಂತು ಕೂಗುತ್ತಿದ್ದರು. "ಏ, ಬಿಡ್ರೇ ಅದನ್ನ! ಮುನ್ನೀ, ಇಳಿ, ಇಳಿ ಕೆಳಗೆ!" ಸೆರಗನ್ನು ಹರಡಿಯೂ ಹಿಡಿದಿದ್ದರು. ಒಳಗೆ ಮಗು ಅಳಲು ಶುರು ಮಾಡಿತು.

"ಅಮ್ಮೀ, ಮಗು ಅಳ್ತಿದೆ, ಬಾ" ಎಂದು ಬಾನಕ್ಕ ಕರೆದರು.

"ಬಂದೆ. ಇದ್ನ ಕೊಲ್ತಾವೆ ಬಾನೂ!"

"ಕೊಂದ್ರೆ ನೀನು ಕೆಳಗೆ ನಿಂತು ಎಂತ ಮಾಡ್ತೀ? ಬಾ."

ಕುಬ್ರಕ್ಕ ಮೇಲೆ ನೋಡಿದರು. ಮುನ್ನಿ ಕಾಂಡದ ಮೇಲೆ ತಲೆಕೆಳಗಾಗಿ ನಿಂತು ಅವರ ಸೆರಗನ್ನೇ ನೋಡುತ್ತಿದ್ದಂತೆ ನನಗೆ ಕಂಡಿತು. ನಿಜವಾಗಿಯೂ ನೋಡುತ್ತಿತ್ತೋ ಇಲ್ಲವೋ ಹೇಳಲಾರೆ. ಅವರು ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಳುವನ್ನು ಮರಕ್ಕೆ ಒರಗಿಸಿ, ಹಿಂದೆ ತಿರುಗಿ ನೋಡದೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡರು.

ಮುನ್ನಿ ಇಳಿಯಲು ಹೊರಟು, ಸ್ವಲ್ಪ ಹೊತ್ತು ಹಾಗೇ ನಿಂತು, ತಿರುಗಿ ಮೇಲೆ ಹೋಯಿತು.

ಹಳೆಯ ಅಳಿಲುಗಳ ಜೊತೆ ಅದು ಕೊನೆಗೂ ಬೆರೆಯಲಿಲ್ಲ. ಅವು ಎತ್ತರದ ಕೊಂಬೆಗಳಲ್ಲಿ, ಇದು ಮತ್ತು ಮರಿ ಕೆಳಗಿನ ಕವಲಿನಲ್ಲಿ. ಬೊಮ್ಮಯ್ಯ ಮಗುವನ್ನು ನೋಡಲು ಬಂದವರು ಮರವನ್ನೂ ನೋಡಿ, "ಗೆದ್ರಿ ಅಮ್ಮಾರೇ" ಎಂದರು.

"ಎಂತ ಗೆಲ್ಲೂದು ಮಾರಾಯ? ಆ ದಂಡಿನ ಜೊತೆ ಸೇರ್ಲೇ ಇಲ್ಲ ಅದು."

"ಒಂದು ಜೊತೆ ಇದೆಯಲ್ಲ. ಸಾಕಾಗೂದಿಲ್ವಾ?"

"ಸಾಕಾ?" ಎಂದು ಕುಬ್ರಕ್ಕ ಅವರನ್ನೇ ಕೇಳಿದರು. ಬೊಮ್ಮಯ್ಯ ತಲೆವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಹಲಸಿನ ಎಲೆಯೊಂದು ಮೇಲಿನಿಂದ ಉದುರಿತು, ಅದರ ಹಿಂದೆಯೇ ಕೊಂಬೆಯ ಮೇಲೆ ಎರಡು ಬಾಲಗಳು ಒಂದರ ಹಿಂದೊಂದು ಹಾದುಹೋದವು. ಮುಂದೆ ಓಡಿದ್ದು ಯಾವುದು, ಅಟ್ಟಿದ್ದು ಯಾವುದು ಎಂದು ನಮಗೆ ಯಾರಿಗೂ ಕಾಣಲಿಲ್ಲ.